ಸುಣ್ಣ ಕಟ್ಟಿದ ಕಾಫಿ ಮಷೀನು

ನಮ್ಮ ಮನೆಗೆ ಹೊಸ ಸಾಮಾನು ಬಂದಾಗಲೆಲ್ಲ ದೇವರು ಅದರ ಜೊತೆಗೆ ನನಗೊಂದು ಪರೀಕ್ಷೆಯನ್ನೂ ಕಟ್ಟಿ ಕಳಿಸುತ್ತಾನೆ. ದೂರುತ್ತಿಲ್ಲ. ಫೇಲಾದವರನ್ನೂ ಮುಂದಿನ ಕ್ಲಾಸಿಗೆ ಹಾಕುವ ದೊಡ್ಡ ಮನಸ್ಸು ಅವನದು. ಇಲ್ಲದಿದ್ದರೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನನ್ನ ಸಂಸಾರ ಮೂವತ್ತು ವರ್ಷ ನಡೆಯುತ್ತಿರಲಿಲ್ಲ.

೧. ನೆಗಡಿಯ ಯಂತ್ರ

ಮಗಳು ಮದುವೆಯಾಗಿ ನವಿ ಮುಂಬಯಿಯ ನೇರೂಳಿಗೆ ಹೊರಡುವ ವಾರ ತನ್ನ ಸಂಬಳದಲ್ಲಿ ಒಂದು ಎಸ್ಪ್ರೆಸೋ ಮಷೀನು ತಂದಿಟ್ಟಳು. "ಅಪ್ಪಾ, ದಿನಾ ಬೆಳಿಗ್ಗೆ ಇದರಲ್ಲೇ ಕಾಫಿ ಮಾಡ್ಕೊಳ್ಳಿ, ನನ್ನ ನೆನಪಾಗ್ಬೇಕು. ಎರಡು ತಿಂಗಳಿಗೊಮ್ಮೆ ಒಳಗೆ ಕ್ಲೀನ್ ಮಾಡಿ. ನಮ್ಮ ಬಿಲ್ಡಿಂಗಿನ ಬೋರ್ ನೀರು ಸುಣ್ಣ ಕಟ್ತದೆ" ಎಂದಳು. ಕಣ್ಣು ತುಂಬಿಕೊಂಡು ಒಪ್ಪಿದೆ.

ಆದರೆ ನಾನು ಬೆಳಗಿನ ಕಾಫಿಯನ್ನು ದೇವರಿಗೆ ತೋರಿಸದೆ ಕುಡಿಯುವವನಲ್ಲ. ಹಿತ್ತಾಳೆ ಫಿಲ್ಟರಿನ ರುಚಿಗೆ ಅವನೂ ಹೊಂದಿಕೊಂಡಿದ್ದ. ಬದಲಾಯಿಸಲು ಮನಸ್ಸಾಗಲಿಲ್ಲ. ಮಷೀನಿನ ಪಕ್ಕದಲ್ಲಿ ಆವಿ ಬರುವ ಸಣ್ಣ ಕೊಳವೆಯೊಂದಿತ್ತು. ನೆಗಡಿಯಾದಾಗ ನನ್ನ ಹೆಂಡತಿ ಅದರೆದುರು ಸೆರಗು ಹೊದ್ದು ಕೂರತೊಡಗಿದಳು. ಬೆಚ್ಚಗಿರುವ ಅದರ ನೆತ್ತಿಯ ಮೇಲೆ ತುಪ್ಪದ ಬತ್ತಿಗಳನ್ನು ಗಟ್ಟಿಯಾಗದಂತೆ ಇಟ್ಟಳು. ಹೀಗೆ ಮೂರು ವರ್ಷ. ಮಗಳು ಬಂದಾಗಲೆಲ್ಲ "ಅಲ್ಲಿ ನಿಂಗೆ ಇದು ಸಿಗುದಿಲ್ಲ" ಎಂದು ಇವಳು ಫಿಲ್ಟರ್ ಕಾಫಿ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದುದರಿಂದ ವಿಷಯ ಹೊರಗೆ ಬರಲಿಲ್ಲ. ಫೋನಿನಲ್ಲಿ ಅವಳು "ಕಾಫಿ ಆಯ್ತಾ ಅಪ್ಪಾ?" ಎಂದರೆ ನಾನು "ಆಯ್ತು ಮಗಾ" ಎನ್ನುತ್ತಿದ್ದೆ. ಅದು ಸುಳ್ಳಲ್ಲವಲ್ಲ.

ಎದುರುಮನೆಯ ಮರಾಠಿ ಕಾಕೂ ಕೂಡ ಶೀತವಾದಾಗ ಬಂದು ಆವಿ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಮೂಗು ಸಡಿಲವಾದ ಖುಷಿಯಲ್ಲಿ ಕೇಳಿದರು, "ಭಾವೂ, ಇದು ಯಾವ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ?"

೨. ಅಭಿಷೇಕ

ಒಂದು ಮಂಗಳವಾರ ಮಗಳ ಫೋನು. "ಅಪ್ಪಾ, ಸಂಡೇ ಅತ್ತೆಯನ್ನು ಕರ್ಕೊಂಡು ಬರ್ತೇನೆ. ನಮ್ಮಪ್ಪ ದಿನಾ ನನ್ನ ಮಷೀನಿನ ಕಾಫಿಯನ್ನೇ ಕುಡಿಯೋದು ಅಂತ ಹೇಳಿಟ್ಟಿದ್ದೇನೆ. ಅವರಿಗೂ ಮಾಡಿ ಕೊಡ್ಬೇಕು."

ಫೋನಿಟ್ಟು ಇಬ್ಬರೂ ಮಷೀನಿನ ಮುಂದೆ ನಿಂತೆವು. ಸ್ವಿಚ್ ಒತ್ತಿದರೆ ಗೊರಗೊರ ಶಬ್ದ, ಆಮೇಲೆ ಶಿವಲಿಂಗದ ಮೇಲಿನ ಧಾರಾಪಾತ್ರೆಯ ಹಾಗೆ ಒಂದೊಂದೇ ಹನಿ. ನೀರಿನ ಡಬ್ಬಿ ತೆಗೆದು ನೋಡಿದೆ. ತಳವೆಲ್ಲ ಬೆಳ್ಳಗೆ, ಉಗುರಿನಿಂದ ಕೆರೆದರೂ ಬಾರದ ಸುಣ್ಣ. ಮಗಳು ಅತ್ತೆಯ ಮುಂದೆ ತಲೆ ತಗ್ಗಿಸುವಂತಾದರೆ ಏನು ಗತಿ?

"ಒಂದು ಲೋಟ ತುಂಬಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ರೆ?" ಎಂದಳು ಹೆಂಡತಿ.

ಹನಿಗಳನ್ನು ಲೆಕ್ಕ ಹಾಕಿ ಹೇಳಿದೆ, "ಈಗ ಹಚ್ಚಿಟ್ಟರೆ ಭಾನುವಾರಕ್ಕೆ ಸರಿಹೋಗ್ತದೆ."

೩. ಸ್ಲೋನೋ ಫಾಸ್ಟೋ

ಮಾರನೆಯ ದಿನ ಮಷೀನನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಠಾಣೆ ಊರಿಗೆ ಹೋದೆ. ಅಲ್ಲಿನ ನೌಪಾಡಾದಲ್ಲಿ ಬೆಳಗಾವಿ ಕಡೆಯ ರಿಪೇರಿಯವನೊಬ್ಬನಿದ್ದ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ.

"ಕಾಕಾರ, ಇದರಾಗ ಸುಣ್ಣದ ಭಟ್ಟೀನ ಐತ್ರಿ. ಕಡೀಕ ಯಾವಾಗ ತೊಳದಿದ್ರಿ?"

"ಪ್ರತಿ ಶುಕ್ರವಾರ ಒರೆಸಿ ಕುಂಕುಮ ಹಚ್ಚುತ್ತೇವೆ."

"ಅದು ಹೊರಗಿಂದ ಆತು. ಒಳಗಿಂದು?"

ಮಷೀನನ್ನು ಅಲ್ಲೇ ಬಿಟ್ಟುಹೋದರೆ ಎಂಟು ದಿನ ಬೇಕೆಂದ. ಭಾನುವಾರದ ಸಂಕಟ ಹೇಳಿಕೊಂಡೆ. ಪಾಪ, ಕರಗಿ, ಒಂದು ಪೊಟ್ಟಣ ಸಿಟ್ರಿಕ್ ಆಸಿಡ್ ಪುಡಿ ಕೊಟ್ಟ. "ನೀರಾಗ ಕಲಸಿ ಡಬ್ಬಿ ತುಂಬ್ರಿ. ಸ್ವಲ್ಪ ಓಡಸ್ರಿ, ಬಂದ್ ಮಾಡಿ ಅರ್ಧಾ ತಾಸು ನೆನೀಲಿಕ್ಕೆ ಬಿಡ್ರಿ, ಮತ್ತ ಓಡಸ್ರಿ. ಬಿಳೇದು ಬರೂದು ನಿಲ್ಲೂತನಕ ಹಂಗ ಮಾಡ್ರಿ. ಆಮ್ಯಾಲ ಸಾದಾ ನೀರು ನಾಕು ಸಲ. ಅದನ್ನ ಮರೀಬ್ಯಾಡ್ರಿ."

"ಅರ್ಧ ತಾಸು ಅಂದರೆ ಒಂದು ವಿಷ್ಣು ಸಹಸ್ರನಾಮ. ಗಡಿಯಾರ ಬೇಡ" ಎಂದೆ.

ಅವನು ಗಂಭೀರವಾಗಿಯೇ ಕೇಳಿದ, "ನಿಮ್ದು ಸ್ಲೋ ಲೋಕಲ್ಲೋ, ಫಾಸ್ಟೋ?"

೪. ಹುಣಸೆಹಣ್ಣು

ಮನೆಗೆ ಬಂದರೆ ಹೆಂಡತಿಗೆ ಪುಡಿಯ ಮೇಲೆ ವಿಶ್ವಾಸವಿಲ್ಲ. "ಆಸಿಡ್ ಅಂತೆ. ಬಾಯಿಗೆ ಹೋಗುವ ಪಾತ್ರೆಗೆ ಆಸಿಡ್ ಹಾಕ್ತಾರಾ? ಮೂವತ್ತು ವರ್ಷದಿಂದ ದೇವರ ದೀಪ ಹೊಳೆಯುವುದು ಎಂತದರಿಂದ?" ನಾನು ಸಂಧ್ಯಾವಂದನೆಗೆ ಕೂತ ಹೊತ್ತಿಗೆ ಹುಣಸೆಹಣ್ಣು ಕಿವುಚಿ, ಸೋಸಿ, ಡಬ್ಬಿಗೆ ಸುರಿದು ಸ್ವಿಚ್ ಒತ್ತಿದ್ದಾಳೆ. ಎದ್ದು ಬಂದು ನೋಡಿದರೆ ಕೆಳಗಿನ ಕಪ್ಪಿನಲ್ಲಿ ಕೆಂಪು ನೀರು, ಮನೆತುಂಬ ಸಾರಿನ ಪರಿಮಳ. ಮತ್ತೆ ಒಂದು ಹನಿಯೂ ಇಲ್ಲ. ಹುಣಸೆಯ ನಾರು ಜಾಲರಿಗೆ ಸಿಕ್ಕಿಕೊಂಡಿತ್ತು.

ಗುರುವಾರವಿಡೀ ಸೂಜಿಯಲ್ಲಿ ನಾರು ತೆಗೆದೆ. ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವಳು ಪಕ್ಕದಲ್ಲಿ ಟಾರ್ಚ್ ಹಿಡಿದು, "ಪಾಪ, ಕೂಸು ಎಷ್ಟು ಆಸೆಯಿಂದ ತಂದಿತ್ತು" ಎಂದು ಮೂಗೊರೆಸಿಕೊಂಡಾಗ ಬರಬೇಕಿದ್ದ ಸಿಟ್ಟು ಬರಲೇ ಇಲ್ಲ. ಶುಕ್ರವಾರ ಪುಡಿ ಹಾಕಿ ಸಹಸ್ರನಾಮ ಶುರು. ಮೊದಲ ಪಾರಾಯಣಕ್ಕೆ ಮಜ್ಜಿಗೆಯಂಥ ನೀರು. ಎರಡನೆಯದಕ್ಕೆ ಅವಲಕ್ಕಿಯಂಥ ಚೂರುಗಳು. ಮೂರನೆಯದರ ಕೊನೆಗೆ ಮಷೀನು ಮೈಯೆಲ್ಲ ನಡುಗಿಸಿ ಕೆಮ್ಮಿ, ಸೀನಿ, ಧಾರಾಕಾರವಾಗಿ ನೀರು ಬಿಟ್ಟಿತು. ಹೆಂಡತಿ ಕೈಮುಗಿದಳು. ಸಾದಾ ನೀರು ನಾಲ್ಕಲ್ಲ, ಹನ್ನೆರಡು ಸಲ ಬಿಟ್ಟೆವು, ಇಪ್ಪತ್ತನಾಲ್ಕು ಕೇಶವಾದಿ ನಾಮಗಳಲ್ಲಿ ಅರ್ಧವಾದರೂ ಆಗಲೆಂದು.

ಆ ಕೆಮ್ಮು ಕೇಳಿ ಕಾಕೂ ಶುಂಠಿ ಕಷಾಯ ಹಿಡಿದು ಬಂದರು, "ಭಾವೂಗಳಿಗೆ ಜ್ವರವೂ ಇದೆಯಾ?"

೫. ಮೌನವ್ರತ

ಭಾನುವಾರ ಬೆಳಿಗ್ಗೆ ಹೆಂಡತಿ ಹೇಳಿದಳು, "ಮಷೀನು ಸರಿಯಾಯ್ತು. ಇನ್ನು ಹೆದರಿಕೆ ನಿಮ್ಮದೇ. ನೀವು ಬಾಯಿ ಬಿಟ್ಟರೆ ನಿಜ ಬರ್ತದೆ."

ಅದೂ ಹೌದು. ಸುಳ್ಳು ಹೇಳಲಾರೆ, ನಿಜ ಹೇಳಿ ಮಗಳ ಮುಖ ಬಾಡಿಸಲಾರೆ. ದೇವರ ಮುಂದೆ ಕೂತಾಗ ದಾರಿ ಹೊಳೆಯಿತು: ಸಂಜೆಯವರೆಗೆ ಮೌನವ್ರತ.

ಮಗಳು ಬಂದವಳೇ, ಅಮ್ಮನಿಂದ ವ್ರತದ ವಿಷಯ ಕೇಳಿ, "ಅಪ್ಪಾ, ಸೀರಿಯಸ್ಲೀ? ಇವತ್ತೇ?" ಎಂದಳು. ನಾನು ಆಕಾಶ ತೋರಿಸಿದೆ. ಧಾರವಾಡದ ಬೀಗಿತ್ತಿ, "ಇರಲಿ ಬಿಡವಾ, ಭಾಳ ಭಕ್ತಿವಂತರು ನಿಮ್ಮಪ್ಪಾರು" ಎಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ, ಅದನ್ನವರು ವಿನಯವೆಂದುಕೊಂಡರು.

ಮಗಳು ಒಳಗೆ ಹೋದಳು. ಉಸಿರು ಹಿಡಿದು ಕೂತೆ. ಮಷೀನು ಒಂದು ಚೂರೂ ಕೆಮ್ಮಲಿಲ್ಲ. "ನೋಡಿ ಅತ್ತೆ, ಮೂರು ವರ್ಷ ದಿನಾ ಯೂಸ್ ಮಾಡಿದ್ರೂ ಅಪ್ಪ ಹೊಸದರ ಹಾಗೆ ಇಟ್ಟಿದ್ದಾರೆ" ಎನ್ನುತ್ತ ತಂದಳು. ಕಪ್ಪಿನ ಮೇಲೆ ಜೇನಿನ ಬಣ್ಣದ ನೊರೆ. ಮನಸ್ಸಿನಲ್ಲೇ ದೇವರಿಗೆ ತೋರಿಸಿ ಒಂದು ಗುಟುಕು ಕುಡಿದೆ.

ಏನು ಹೇಳಲಿ. ಕಣ್ಣು ತಾನಾಗಿ ಮುಚ್ಚಿತು. ವ್ರತ, ಮಗಳು, ಬೀಗಿತ್ತಿ ಎಲ್ಲ ಮರೆತು ಹೆಂಡತಿಯತ್ತ ತಿರುಗಿ ಹೇಳಿಬಿಟ್ಟೆ, "ಅಲ್ಲ ಮಾರಾಯ್ತಿ, ಇದರಲ್ಲಿ ಕಾಫಿಯೂ ಬರ್ತದಲ್ಲ."

ಹೆಂಡತಿ ಸೆರಗು ಬಾಯಿಗಿಟ್ಟಳು. ಮಗಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ನನ್ನ ಹೆಗಲಿಗೆ ಹಣೆಯಿಟ್ಟು ಬಿದ್ದು ಬಿದ್ದು ನಗತೊಡಗಿದಳು. ಬೀಗಿತ್ತಿ ಮಾತ್ರ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಒಳಗೆ ಇಣುಕಿ ನೋಡಿ ಕೇಳಿದರು:

"ಮತ್ತ ಇಷ್ಟು ದಿನಾ ಇದರಾಗ ಏನು ಬರತಿತ್ರಿ?"