ನಾನೇ ಹಾಕಿದ ಬ್ರೇಕ್ ಬಲ್ಬು

ಇಪ್ಪತ್ತು ವರ್ಷ ಕಾರು ಓಡಿಸಿದವನೂ ತನ್ನ ಬ್ರೇಕ್ ಲೈಟನ್ನು ಕಂಡಿರುವುದಿಲ್ಲ. ಅದು ಉರಿಯುವಾಗ ಅವನು ಮುಂದೆ ಕೂತಿರುತ್ತಾನೆ. ಇಳಿದು ಹಿಂದೆ ಬಂದರೆ ಅದು ಆರಿರುತ್ತದೆ. ಇಂಥದ್ದಕ್ಕೆಲ್ಲ ನಿದ್ದೆಗೆಡುವ ಜಾತಿ ನನ್ನದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಥಾಣೆಯಿಂದ ಡೊಂಬಿವಲಿಯ ಮನೆಗೆ ಲೋಕಲ್ ರೈಲು ಹಿಡಿದು ಮರಳಿದ್ದೇನೆ. ಬೆಕ್ಕು ಅಡ್ಡ ಬಂದರೆ ಮನೆಗೆ ಹೋಗಿ ನೀರು ಕುಡಿದೇ ಹೊರಡುವುದು. ನಮ್ಮೂರು ಉಡುಪಿಯ ಬೆಕ್ಕುಗಳಿಗಿದ್ದ ಅಧಿಕಾರವನ್ನು ಇಲ್ಲಿಯವಕ್ಕೂ ಕೊಟ್ಟಿದ್ದೇನೆ.

ಇಂಥವನ ಮಗಳು ಸೋಮವಾರದಿಂದ ನವಿ ಮುಂಬಯಿಯ ಆಫೀಸಿಗೆ ಒಬ್ಬಳೇ ಕಾರಿನಲ್ಲಿ ಹೋಗುವವಳಿದ್ದಳು. ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ವಾಚ್‌ಮನ್, ವಿಜಯಪುರದ ಮಲ್ಲಪ್ಪ, "ಸಾಹೇಬ್ರ, ನಿಮ್ಮ ಗಾಡಿ ಬಲಕ್ಕಿನ ಬ್ರೇಕ್ ಲೈಟ್ ಹತ್ತವಲ್ದು ನೋಡ್ರಿ" ಎಂದ. ನನ್ನ ಕಣ್ಣೆದುರು ಅವಳು ಹೋಗಬೇಕಾದ, ಲಾರಿಗಳೇ ತುಂಬಿದ ಶೀಳ್ ಫಾಟಾದ ರಸ್ತೆ ಬಂತು. ಅಲ್ಲಿ ಮಗಳ ಬೆನ್ನಿಗೇ ಅಂಟಿಕೊಂಡ ಕಂಟೇನರ್ ಲಾರಿಯೂ ಬಂತು.

"ಪಪ್ಪಾ, ಮೆಕ್ಯಾನಿಕ್ ಕೋ ಬುಲಾವೋ ನಾ," ಎಂದು ಮೆಕ್ಯಾನಿಕ್‌ನನ್ನು ಕರೆಸಲು ಹೇಳಿದಳು ಮಗಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಒಂದು ಮೊಳೆ ಹೊಡೀಲಿಕ್ಕೆ ಆಚೆಮನೆಯವರನ್ನು ಕರೆಯುವ ಜನ ನೀವು. ಸುಮ್ಮನಿರಿ ಮಾರಾಯ್ರೆ," ಎಂದಳು ಹೆಂಡತಿ, ನಾನು ಕಾರಿನ ಹಿಂದೆ ಬಗ್ಗಿದ್ದು ಕಂಡು. ಆ ಮೊಳೆ ನನಗೇ ಚುಚ್ಚಿತು. ನಾನೇ ಹಾಕುತ್ತೇನೆ ಎಂದುಬಿಟ್ಟೆ.

ಸುಟ್ಟ ಬಲ್ಬನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದೆ. ಅಲ್ಲಿ ಮೊದಲು ತೋರಿಸಿದ ಇಂಡಿಕೇಟರಿನ ಬಲ್ಬಿಗೆ ಒಳಗೆ ಒಂದೇ ತಂತಿ. ನನ್ನ ಬ್ರೇಕಿನದಕ್ಕೆ ಎರಡು. ದೀಪ ಹಚ್ಚಿದಾಗ ಮಂದವಾಗಿ ಉರಿಯಲು ಒಂದು, ಬ್ರೇಕ್ ಒತ್ತಿದಾಗ ಜೋರಾಗಿ ಉರಿಯಲು ಇನ್ನೊಂದು. ಬುಡ, ವೋಲ್ಟು, ವ್ಯಾಟು ಎಲ್ಲವನ್ನೂ ಜಾತಕ ಕೂಡಿಸುವ ಶ್ರದ್ಧೆಯಿಂದ ತಾಳೆ ನೋಡಿದೆ. "ಕಾಕಾ, ಬಲ್ಬ್ ನಿವಡ್ತಾಯ್ ಕೀ ಜಾವಈ?" ಎಂದು ಅಂಗಡಿಯವನು ಕೇಳಿದ. ಆಯ್ಕೆ ಮಾಡುತ್ತಿರುವುದು ಬಲ್ಬನ್ನೋ ಅಳಿಯನನ್ನೋ ಎಂದು! ಅಳಿಯನಾದರೆ ಇಷ್ಟು ನೋಡುತ್ತಿರಲಿಲ್ಲ. ಅವನು ಕಂಟೇನರ್ ಲಾರಿಯನ್ನು ತಡೆಯಬೇಕಿಲ್ಲವಲ್ಲ.

ಮರಳಿ ಬಂದು ಹಾಕಹೋದರೆ ಬಲ್ಬು ಸುಲಭಕ್ಕೆ ಕೂರಲಿಲ್ಲ. ಒತ್ತಿ, ತಿರುಚಿ ಕೂರಿಸಿದೆ. ಬ್ರೇಕ್ ಮೆಟ್ಟಿ ಕೂತೆ; ಮಲ್ಲಪ್ಪ ಹಿಂದೆ ನಿಂತ.

"ಹತ್ತೇತ್ರಿ! ಆದ್ರ ಎಡಕ್ಕಿಂದು ಹುಲಿ ಕಣ್ಣ ಆಗೇತಿ, ಬಲಕ್ಕಿಂದು ನಿದ್ದಿಗಣ್ಣ."

ಹೊರತೆಗೆದು ನೋಡಿದರೆ, ಬಲ್ಬಿನ ಕುತ್ತಿಗೆಯಿಂದ ಚಾಚಿದ ಎರಡು ಪುಟ್ಟ ಗುಬುಟುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ನಾನು ತಿರುಗುಮುರುಗಾಗಿ ತುರುಕಿದ್ದರಿಂದ ಬ್ರೇಕಿಗೆ ಮಂದದ ತಂತಿ ಉರಿಯುತ್ತಿತ್ತು. ಅರ್ಧ ಸುತ್ತು ತಿರುಗಿಸಿ ಇಟ್ಟೆ; ಒತ್ತಾಯವೇ ಇಲ್ಲದೆ ಕೂತಿತು.

"ಈಗ ಎರಡೂ ಹುಲಿ, ಸಾಹೇಬ್ರ!"

ಆ ದಿನ ಲಿಫ್ಟಿನಲ್ಲಿ ಸಿಕ್ಕವರಾರೂ ನನ್ನ ಬಲ್ಬಿನ ಕಥೆ ಕೇಳದೆ ತಮ್ಮ ಮಹಡಿ ತಲುಪಲಿಲ್ಲ. ಹೆಂಡತಿ ಚಹಾದ ಜೊತೆ ಕೇಳದೆಯೇ ಎರಡು ಚಕ್ಕುಲಿ ಇಟ್ಟಳು.

ಸೋಮವಾರ ಮಗಳು ಹೊರಟಳು. ಗೇಟಿನ ಬಳಿ ಬ್ರೇಕ್ ಒತ್ತುತ್ತಾಳೆ, ಎರಡು ಹುಲಿಗಣ್ಣುಗಳನ್ನು ಕಣ್ತುಂಬ ನೋಡುತ್ತೇನೆ ಎಂದು ಹೆಂಡತಿಯನ್ನೂ ಕರೆದು ನಿಲ್ಲಿಸಿದ್ದೆ. ಮಲ್ಲಪ್ಪ ಮೊದಲೇ ಗೇಟು ತೆರೆದು ಸಲಾಮು ಹೊಡೆದ. ಕಾರು ಬ್ರೇಕಿನ ನೆನಪೇ ಇಲ್ಲದೆ ಹೊರಗೆ ಜಾರಿತು.

"ಎಲ್ಲಿ ಲೈಟು?" ಎಂದಳು ಹೆಂಡತಿ.

ಜನ್ಮವಿಡೀ ಬೆಕ್ಕಿಗೆ ಹೆದರಿದ ನಾನು, ಆ ಒಂದು ಕ್ಷಣ, ಒಂದು ಬೆಕ್ಕಾದರೂ ಅವಳಿಗೆ ಅಡ್ಡ ಬರಬಾರದೇ ಎಂದು ದೇವರಲ್ಲಿ ಕೇಳಿಕೊಂಡೆ.