ಕುಡಿಯದವನ ಲೋಟದ ವ್ಯಾಪಾರ

ಮದ್ಯದ ಒಂದು ಹನಿಯನ್ನೂ ನಾನು ಈ ಜನ್ಮದಲ್ಲಿ ನಾಲಿಗೆಗೆ ಸೋಕಿಸಿಲ್ಲ. ಇದನ್ನು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಮದ್ಯ ಕುಡಿಯುವ ಲೋಟಗಳ ವಿಷಯ ಮಾತ್ರ ಕೇಳಬೇಡಿ. ಕಾಶಿಗೆ ಬಂದವರು ಇಷ್ಟದ್ದೇನಾದರೂ ಬಿಟ್ಟು ಹೋಗಬೇಕೆಂಬ ಪದ್ಧತಿ ಇದೆ. ನಮ್ಮ ಕಡೆಯ ಯಾತ್ರಿಕರು ಹೆಚ್ಚಾಗಿ ಹಾಗಲಕಾಯಿ ಬಿಡುತ್ತಾರೆ. ಅದನ್ನು ಅವರು ಊರಲ್ಲೂ ತಿನ್ನುತ್ತಿರಲಿಲ್ಲ ಎಂಬುದು ಬೇರೆ ಮಾತು. ಮೈಸೂರಿನಿಂದ ಬಂದು ಇಲ್ಲೇ ನೌಕರಿಗೆ ನಿಂತ ನಾನು ಏನನ್ನೂ ಬಿಡಲಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಹೊಸದಾಗಿ ಒಂದನ್ನು ಹಿಡಿದುಕೊಂಡೆ.

ಆಗ ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಯಾವುದನ್ನೂ ನನ್ನದೆಂದು ಕೂಡಿಟ್ಟುಕೊಳ್ಳಬಾರದು ಎಂಬ ಅಪರಿಗ್ರಹದ ಪಾಠ ವಾರಕ್ಕೆರಡು ದಿನ. ಇಂಟರ್ನೆಟ್ ಎಂಬುದು ವಿಶ್ವವಿದ್ಯಾಲಯದ ಗೇಟಿನೆದುರಿನ ಲಂಕಾ ಎಂಬ ಬಡಾವಣೆಯ ಸೈಬರ್ ಕೆಫೆಗಳಲ್ಲಿ ಗಂಟೆಯ ಬಾಡಿಗೆಗೆ ಸಿಗುತ್ತಿದ್ದ ಕಾಲ ಅದು. ಒಂದು ಮಧ್ಯಾಹ್ನ ಉಪನಿಷತ್ತಿನ ಯಾವುದೋ ಲೇಖನ ಹುಡುಕಲು ಹೋದವನು ಎಲ್ಲೆಲ್ಲೋ ಒತ್ತಿ, ವಿದೇಶದ ಹಳೆಯ ಸಾಮಾನಿನ ಹರಾಜಿನ ಪುಟಕ್ಕೆ ಬಂದುಬಿದ್ದೆ. ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಬಿರಡೆ, ಆಮೇಲೆ ಕತ್ತು, ಆಮೇಲೆ ಹೊಟ್ಟೆ. ವ್ಹಿಸ್ಕಿ ತುಂಬಿಡುವ ಕಟ್‌ಗ್ಲಾಸಿನ ಹೂಜಿ ಅದು, ಡಿಕ್ಯಾಂಟರ್ ಎನ್ನುತ್ತಾರೆ. ಕೆಳಗೆ ಬರೆದ ಬೆಲೆ ಇಳಿದು ಮುಗಿಯುವ ಹೊತ್ತಿಗೆ ನಾನು ಉಪನಿಷತ್ತನ್ನು ಮರೆತಿದ್ದೆ. ಏಕೆಂದರೆ ಅಂಥದೇ ಒಂದನ್ನು ಹಿಂದಿನ ವಾರವಷ್ಟೇ ಬಹೂಜಿಯ ಮನೆಯಲ್ಲಿ ನೋಡಿದ್ದೆ.

ಬಹೂಜಿ ಎಂದರೆ ಗಂಗೆಯ ದಡದ ಅಸ್ಸಿ ಬಡಾವಣೆಯ ನಮ್ಮ ಮನೆಯಿಂದ ನಾಲ್ಕು ಗಲ್ಲಿ ಆಚೆ, ಜಮೀನ್ದಾರರ ಹಳೆಯ ಬಂಗಲೆ, ಕೋಠಿಯಲ್ಲಿ ಒಬ್ಬರೇ ಇದ್ದ ವಿಧವೆ. ಎಪ್ಪತ್ತು ದಾಟಿದ್ದರೂ ಆ ಮನೆಗೆ ಸೊಸೆಯಾಗಿ ಬಂದವರಾದ್ದರಿಂದ ಓಣಿಗೆಲ್ಲ ಬಹೂಜಿಯೇ. ಗಂಡನ ಅಣ್ಣನ ಮಕ್ಕಳು ಕೋಠಿಯನ್ನು ಕಟ್ಟಡದ ಗುತ್ತಿಗೆದಾರನಿಗೆ ಕೊಟ್ಟಿದ್ದರಿಂದ ಅವರು ಸಾಮಾನು ಖಾಲಿ ಮಾಡುತ್ತಿದ್ದರು. ನಾನು ಒಂದು ಪುಸ್ತಕದ ಬೀರು ಕೇಳಲು ಹೋದವನು. ಎರಡನೆಯ ಸಲ ಹೋದಾಗ ಬೀರುವಿನ ಮಾತೆತ್ತದೆ ಡಿಕ್ಯಾಂಟರಿನತ್ತ ಕೈ ತೋರಿಸಿದೆ.

"ಅದು ನಮ್ಮ ಮಾವನವರ ಕಾಲದ್ದು, ಮಾಸ್ಟರ್ ಸಾಹೇಬ್. ಬಿಲ್ಲೌರಿ ಗಾಜು, ಸ್ಫಟಿಕದ ಹಾಗೆ," ಎಂದರು ಬಹೂಜಿ. "ಅಂಗಡಿಯವರು ಕೇಳಿದರು, ಕೊಡಲಿಲ್ಲ. ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳೋದಾದರೆ ಹೇಳಿ."

"ನಮ್ಮ ಮನೆಗೇ," ಎಂದೆ. ಹಿಂದಿಯಲ್ಲಿ ನನಗೆ ಲೋಟ ಗಂಡೋ ಹೆಣ್ಣೋ ಇವತ್ತಿಗೂ ಗೊತ್ತಾಗುವುದಿಲ್ಲ. ಆದರೆ ಆ ಸುಳ್ಳನ್ನು ಮಾತ್ರ ಒಂದೂ ವ್ಯಾಕರಣದೋಷವಿಲ್ಲದೆ ಹೇಳಿದೆ. ಜೊತೆಗೆ ಆರು ದಪ್ಪ ತಳದ ಲೋಟಗಳೂ ಬಂದವು. ಬಹೂಜಿ ಒಂದೊಂದನ್ನೂ ಸೆರಗಿನಿಂದ ಒರೆಸಿ ಕೊಡುತ್ತಿದ್ದರು. ನಾನು ಅಂಚಿನ ಸುತ್ತ ಉಗುರು ಆಡಿಸಿ ಎಲ್ಲಿಯಾದರೂ ಚಕ್ಕೆ ಎದ್ದಿದೆಯೇ ಎಂದು ನೋಡುತ್ತಿದ್ದೆ.

ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಸೈಕಲ್ ರಿಕ್ಷಾದಲ್ಲಿ ತಂದೆ. ಕಲ್ಲುಹಾಸಿನ ಗಲ್ಲಿಯಲ್ಲಿ ರಿಕ್ಷಾ ಎಷ್ಟು ಕುಣಿಯಿತೋ ಲೋಟಗಳು ಅಷ್ಟು ಕಿಣಿಕಿಣಿ ಎಂದವು. ಪಾನ್ ಅಂಗಡಿಯ ಮುಂದಿನ ಹಿರಿಯರೊಬ್ಬರು ಬಾಯಲ್ಲಿದ್ದುದನ್ನು ಒಂದು ಕೆನ್ನೆಗೆ ಸರಿಸಿ, "ಕಾ ಹೋ ಪ್ರೊಫೆಸರ್ ಸಾಹೇಬ್, ಗಂಗಾಜಲ ಸಾಕಾಗಲಿಲ್ಲವೇ?" ಎಂದು ಕೇಳಿದರು. ಮನೆಯಲ್ಲಿ ನನ್ನ ಹೆಂಡತಿ ವಿಮಲಾ ಪೊಟ್ಟಣ ಬಿಚ್ಚಿ ಒಂದು ಲೋಟವನ್ನು ಎತ್ತಿ ಹಿಡಿದಳು.

"ಇದರಲ್ಲಿ ಏನು ಕುಡೀತಾರೆ ಅಂತ ಗೊತ್ತೇನ್ರೀ ನಿಮಗೆ?"

"ಕುಡಿಯೋದಕ್ಕಲ್ಲ ಕಣೇ. ಮಾರೋದಕ್ಕೆ."

"ಹಾಗಾದ್ರೆ ಕುಡಿಯೋರೇ ವಾಸಿ," ಎಂದು ಒಳಗೆ ಹೋದಳು.

ವಿದೇಶಕ್ಕೆ ಗಾಜು ಕಳಿಸುವುದು ನಮ್ಮಿಂದಾಗುವ ಕೆಲಸವಲ್ಲ ಎಂದು ಅಂಚೆ ಕಚೇರಿಯಲ್ಲಿ ಹದಿನೈದು ನಿಮಿಷ ನಿಂತ ಮೇಲೆ ತಿಳಿಯಿತು. ಊರಲ್ಲೇ ಗಿರಾಕಿ ಹುಡುಕಬೇಕಾಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಆದರೂ ಭಾನುವಾರದ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಮೊದಲು ಬಂದವರು ನಮ್ಮ ವಿಭಾಗದ ಮುಖ್ಯಸ್ಥರಾದ ತಿವಾರಿಯವರು. ಈರುಳ್ಳಿ ಹಾಕಿದ ಮನೆಯಲ್ಲಿ ನೀರೂ ಕುಡಿಯದವರು. "ಕಲೆಯ ದೃಷ್ಟಿಯಿಂದ ನೋಡೋಣವೆಂದು ಬಂದೆ" ಎಂದವರು, ಲೋಟವನ್ನು ಅಂಗೈಯಲ್ಲಿ ತೂಗಿ, ತಳಕ್ಕೆ ಉಗುರಿನಿಂದ ಮೀಟಿ, "ತಳ ಹೀಗೆ ದಪ್ಪ ಇದ್ದರೇ ಚೆನ್ನ. ಐಸ್ ಬಿದ್ದಾಗ ಸದ್ದೇ ಬೇರೆ. ಸೋಡಾ ಹಾಕುವುದಾದರೆ ಇಷ್ಟು ಗಿಡ್ಡ ಇರಬಾರದು," ಎಂದರು. ನಾನು ಮುಖ ನೋಡಿದೆ. "ಎಲ್ಲೋ ಓದಿದ್ದು" ಎಂದರು. ಪೆನ್ನು ಇಟ್ಟುಕೊಳ್ಳಲು ಬೇಕೆಂದು ನಾಲ್ಕು ಲೋಟ ಕೊಂಡರು. ನಮ್ಮ ವಿಭಾಗದಲ್ಲಿ ಅಷ್ಟೊಂದು ಬರೆಯುವವರಿದ್ದಾರೆಂದು ಅಂದೇ ನನಗೆ ತಿಳಿದದ್ದು.

ಉಳಿದ ಎರಡನ್ನು ಕಾಶಿಯಲ್ಲೇ ನೆಲೆಸಿದ್ದ ಧಾರವಾಡದ ಡಾಕ್ಟರ್ ಕುಲಕರ್ಣಿ ತೆಗೆದುಕೊಂಡರು. "ಅಪ್ಪಾರ ಹಲ್ಲಿನ ಸೆಟ್ಟು ನೆನಿ ಇಡಾಕ ಬೇಕಾಗ್ಯಾವ್ರೀ. ಮ್ಯಾಲಿಂದಕ್ಕೊಂದು, ಕೆಳಗಿಂದಕ್ಕೊಂದು," ಎಂದರು. ಸುಳ್ಳಿಗೂ ಒಂದು ಮಿತಿ ಬೇಡವೇ ಎಂದುಕೊಂಡೆ. ಡಿಕ್ಯಾಂಟರನ್ನು ಘಾಟಿನ ಬಳಿ ಗೆಸ್ಟ್‌ಹೌಸ್ ನಡೆಸುವವರೊಬ್ಬರು ಒಯ್ದರು. ಎರಡೇ ವಾರದಲ್ಲಿ ಮನೆ ಖಾಲಿ, ಜೇಬು ಬೆಚ್ಚಗೆ. ಅಪರಿಗ್ರಹ ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಬಹೂಜಿಯ ಫೋನು ಬಂತು. ಲಖನೌಗೆ ಮಗಳ ಮನೆಗೆ ಹೊರಟಿದ್ದಾರೆ, ಇನ್ನು ಕಾಶಿಗೆ ಬರುವುದು ಅನುಮಾನ. "ಹೋಗೋ ಮೊದಲು ನಿಮ್ಮ ಮನೆಗೆ ಒಂದು ಸಲ ಬರುತ್ತೇನೆ, ಮಾಸ್ಟರ್ ಸಾಹೇಬ್. ನನ್ನ ಲೋಟಗಳು ಹೇಗಿವೆ ನೋಡಬೇಕು. ಗುರುವಾರ ನಾಲ್ಕು ಗಂಟೆಗೆ ಆಗಬಹುದಲ್ಲವೇ?"

ಆಗಬಹುದು ಎಂದೆ. ಫೋನಿಟ್ಟು ಬೆರಳು ಎಣಿಸಿದೆ. ಗುರುವಾರಕ್ಕೆ ಮೂರು ದಿನ.

ತಿವಾರಿಯವರ ಮನೆಗೆ ಹೋಗಿ ವಿಷಯ ತೆಗೆದರೆ ಅವರು ಹೆಂಡತಿಯ ಎದುರು, "ಲೋಟವೇ? ಯಾವ ಲೋಟ?" ಎಂದು ನನ್ನನ್ನೇ ಸಂಶಯದಿಂದ ನೋಡಿದರು. ಗೇಟಿನವರೆಗೆ ಕಳಿಸಲು ಬಂದು, "ಬುದ್ಧಿ ಇದೆಯೇನ್ರೀ ನಿಮಗೆ?" ಎಂದು ಪಿಸುಗುಟ್ಟಿದರು. ಬುಧವಾರ ರಾಮನಾಮದ ಶಾಲಿನಲ್ಲಿ ಸುತ್ತಿ ನಾಲ್ಕನ್ನೂ ತಂದುಕೊಟ್ಟರು. ಮೂಸಿ ನೋಡಿದೆ. ಶಾಯಿಯ ವಾಸನೆಯಲ್ಲ. ಡಾಕ್ಟರ ಮನೆಯಲ್ಲಿ ಎರಡೂ ಲೋಟ ಸ್ನಾನದ ಮನೆಯ ಕಿಟಕಿಯ ಮೇಲಿದ್ದವು, ಎರಡರಲ್ಲೂ ಹಲ್ಲಿತ್ತು. ಇಡೀ ವ್ಯವಹಾರದಲ್ಲಿ ನಿಜ ಹೇಳಿದ್ದವರು ಅವರೊಬ್ಬರೇ. ವಿಮಲಾ ಆ ಎರಡನ್ನು ಎಂಟು ಸಲ ತೊಳೆದು, "ಇವು ನಿಮಗೆ ಮತ್ತು ನಿಮ್ಮ ತಿವಾರಿಗೆ" ಎಂದು ಪಕ್ಕಕ್ಕಿಟ್ಟಳು.

ಡಿಕ್ಯಾಂಟರ್ ಮಾತ್ರ ಸಿಗಲಿಲ್ಲ. ಗೆಸ್ಟ್‌ಹೌಸಿನವರು, "ಅದು ಇಟಲಿಯಲ್ಲಿದೆ" ಎಂದರು, ಪಕ್ಕದ ಕೋಣೆಯಲ್ಲಿದೆ ಎನ್ನುವ ಧಾಟಿಯಲ್ಲಿ. ಚೌಕದ ಹಳೆ ಸಾಮಾನಿನ ಅಂಗಡಿಗಳನ್ನು ಒಂದು ದಿನವಿಡೀ ತಿರುಗಿ, ನೋಡಲು ಹೆಚ್ಚುಕಡಿಮೆ ಹಾಗೇ ಇದ್ದ ಇನ್ನೊಂದನ್ನು ತಂದೆ. ಬಹೂಜಿಗೆ ಕಣ್ಣಿನ ಪೊರೆ ಇದೆ ಎಂಬುದು ನನ್ನ ಧೈರ್ಯ. ಮುದುಕಿಯೊಬ್ಬರ ಪೊರೆಯನ್ನು ನಂಬಿ ಮರ್ಯಾದೆ ಉಳಿಸಿಕೊಳ್ಳಬೇಕಾಗಿ ಬಂದದ್ದು ಹೇಳಿಕೊಳ್ಳುವ ಸಂಗತಿಯಲ್ಲ, ಆದರೂ ಹೇಳಿದ್ದೇನೆ.

ಗುರುವಾರ ಬಹೂಜಿ ಕೋಲೂರಿಕೊಂಡು ಬಂದರು. ಕೊಟ್ಟ ಲೋಟಗಳ ಮೇಲೆ ಕಣ್ಣಿಡಲು ತಿವಾರಿಯವರೂ ಬಂದಿದ್ದರು. ವಿಮಲಾ ಡಿಕ್ಯಾಂಟರಿನಲ್ಲಿ ನಿಂಬೆಹಣ್ಣಿನ ಪಾನಕ ತುಂಬಿ ಲೋಟಗಳಿಗೂ ಬಗ್ಗಿಸಿಟ್ಟಿದ್ದಳು. ಬಹೂಜಿ ಎಲ್ಲವನ್ನೂ ನೋಡಿ ತಲೆದೂಗಿ, ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದರು. ಒಳಗಿದ್ದದ್ದು ಕಟ್‌ಗ್ಲಾಸಿನ ಬಿರಡೆ. ನಾನು ಕೊಂಡಾಗ ಡಿಕ್ಯಾಂಟರಿಗೆ ಬಿರಡೆ ಇರಲಿಲ್ಲ. ಎಂದೋ ಕಳೆದುಹೋಯಿತು ಎಂದಿದ್ದರು.

"ಕಳೆದಿರಲಿಲ್ಲ," ಎಂದರು ಬಹೂಜಿ. "ಎಲ್ಲ ಕೊಟ್ಟುಬಿಡಲು ಮನಸ್ಸಾಗಲಿಲ್ಲ, ನಾನೇ ಇಟ್ಟುಕೊಂಡಿದ್ದೆ. ಇನ್ನು ಲಖನೌಗೆ ಹೊತ್ತುಕೊಂಡು ಹೋಗಿ ಏನು ಮಾಡಲಿ? ಇದ್ದಲ್ಲೇ ಇರಲಿ."

ಅವರು ಬಿರಡೆಯನ್ನು ಡಿಕ್ಯಾಂಟರಿನ ಬಾಯಿಗಿಟ್ಟರು. ಅದು ಒಳಗೆ ಹೋಗಲಿಲ್ಲ. ತಿರುಗಿಸಿ ಇಟ್ಟರು. ಚಿಕ್ಕ ತಲೆಯ ಮೇಲೆ ದೊಡ್ಡ ಪೇಟ ಇಟ್ಟಂತೆ ಒಂದು ಪಕ್ಕಕ್ಕೆ ವಾಲಿತು.

"ಬಿಸಿಲಿಗೆ ಬಿರಡೆ ಹಿಗ್ಗಿರಬೇಕು," ಎಂದೆ ನಾನು. ತಿವಾರಿಯವರು, "ಹೌದು, ಗಾಜಿನ ಗುಣವೇ ಅದು," ಎಂದರು. ಒಂದೇ ವಿಭಾಗದಲ್ಲಿದ್ದ ನಾವಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು.

ವಿಮಲಾ ನನ್ನ ಕಡೆ ನೋಡಲಿಲ್ಲ. "ಅಮ್ಮಾಜಿ, ಅದು ನಿಮ್ಮದಲ್ಲ. ನಿಮ್ಮದನ್ನು ಇವರು ಮಾರಿದರು. ಲೋಟಗಳನ್ನೂ ಮಾರಿದ್ದರು, ನೀವು ಬರುತ್ತೀರೆಂದು ಕೇಳಿ ತಂದಿದ್ದಾರೆ," ಎಂದಳು.

ಬಹೂಜಿ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಪಾನಕ ಕುಡಿದರು. ನಿಧಾನವಾಗಿ, ಪೂರ್ತಿ.

"ತುಂಬಾ ಭಾರ," ಎಂದರು. "ಮದುವೆಯಾಗಿ ಬಂದಾಗಿನಿಂದ ಪ್ರತಿ ದೀಪಾವಳಿಗೆ ಇವನ್ನು ಒರೆಸಿದ್ದೇನೆ. ಇದರಲ್ಲಿ ಕುಡಿದದ್ದು ಇವತ್ತೇ."

"ನಿಮ್ಮ ಮಾವನವರು?" ಎಂದು ತಿವಾರಿಯವರು ತಡೆಯಲಾರದೆ ಕೇಳಿದರು.

"ಅವರೂ ಕುಡಿಯುತ್ತಿರಲಿಲ್ಲ. ಯಾವುದೋ ಸಾಹೇಬ ಊರು ಬಿಟ್ಟು ಹೋಗುವಾಗ ಅಗ್ಗಕ್ಕೆ ಸಿಕ್ಕಿತು, ಮಾರಿದರೆ ಲಾಭ ಬರುತ್ತದೆ ಎಂದು ತಂದರಂತೆ. ಗಿರಾಕಿ ಸಿಗಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಖಾನ್ದಾನಿ, ಮನೆತನದ ಆಸ್ತಿ ಆಗಿತ್ತು." ಬಹೂಜಿ ನನ್ನತ್ತ ತಿರುಗಿದರು. "ನೀವು ಹುಷಾರು, ಮಾಸ್ಟರ್ ಸಾಹೇಬ್. ಅವರಿಗಾಗದ್ದು ನಿಮ್ಮಿಂದಾಯಿತು. ನನಗೆ ಮಾತ್ರ ನಿಜ ಹೇಳಬಹುದಿತ್ತು."

ಕ್ಷಮಿಸಿ ಎಂದೆ, ಅದೂ ಬಹುಶಃ ತಪ್ಪು ಹಿಂದಿಯಲ್ಲಿ. ಅವರು ವಿಮಲಾ ಕಡೆ ಲೋಟ ಚಾಚಿ, "ಬಹೂ, ಇನ್ನೊಂದು ಸ್ವಲ್ಪ ಹಾಕು," ಎಂದರು.

ಹೊರಡುವಾಗ ಬಿರಡೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ತಿವಾರಿಯವರು ತಮ್ಮ ನಾಲ್ಕನ್ನು ಮತ್ತೆ ಶಾಲಿನಲ್ಲಿ ಸುತ್ತಿಕೊಂಡರು, ಡಾಕ್ಟರ ತಂದೆಯವರು ಹಲ್ಲಿಗೆ ಜಾಗ ಕೇಳಿ ಎರಡು ಸಲ ಫೋನು ಮಾಡಿಸಿದ್ದರು. ನಮ್ಮ ಮನೆಯಲ್ಲಿ ಉಳಿದದ್ದು ಒಂದಕ್ಕೊಂದು ಕೂಡದ ಹೂಜಿ ಮತ್ತು ಬಿರಡೆ. ಎರಡನ್ನೂ ಬೈಠಕ್ ಕೋಣೆಯ ಗೂಡಿನಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ದೀಪಾವಳಿಗೆ ನಾನೇ ಒರೆಸುತ್ತೇನೆ, ವಿಮಲಾ ಮುಟ್ಟುವುದಿಲ್ಲ. ಮೊನ್ನೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಬಿರಡೆಯನ್ನು ಬೆಳಕಿಗೆ ಹಿಡಿದು, "ಭಾರಿ ಹಳೇದು ಅನ್ಸುತ್ತೆ. ಎಲ್ಲಿಂದ ಬಂತು?" ಎಂದು ಕೇಳಿದರು.

"ಹಿರಿಯರ ಕಾಲದ್ದು," ಎಂದೆ.

ಯಾರ ಹಿರಿಯರು ಎಂದು ಅವರು ಕೇಳಲಿಲ್ಲ.