ನಾಲ್ಕೂ ಚಕ್ರ ನೆಲದಲ್ಲಿ

ನಮ್ಮ ಭಾವನ ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಪಾದಗಳನ್ನು ಬೇಕಾದರೆ ಕೇಳಿ, ಕಣ್ಣು ಮುಚ್ಚಿಕೊಂಡು ವರ್ಣಿಸುತ್ತೇನೆ! ಎಡಗಾಲಿನ ಹೆಬ್ಬೆರಳ ಉಗುರು ಕಪ್ಪು. ಬಲಗಾಲಿನ ಹಿಮ್ಮಡಿಯಲ್ಲಿ ಮೂರು ಬಿರುಕು, ಬಿರುಕಿನೊಳಗೆ ಯಾವ ಸೋಪಿಗೂ ಬಗ್ಗದ ಗ್ರೀಸು. ಒಂದು ವರ್ಷದಿಂದ ಹೊಳೆನರಸೀಪುರದ ಅಕ್ಕನ ಮನೆಗೆ ಹೋದಾಗಲೆಲ್ಲ ನನ್ನನ್ನು ಬರಮಾಡಿಕೊಳ್ಳುವುದು ಆ ಪಾದಗಳೇ. ಮಿಕ್ಕ ಭಾವ ಗಾಡಿಯ ಅಡಿಯಲ್ಲಿರುತ್ತಾರೆ.

"ಬಂದ್ಯೇನ್ಲಾ? ಇಂದ್ಗಡೆ ಅತ್ತಿ ಕುಂತ್ಕೊ" ಎನ್ನುತ್ತದೆ ಅಡಿಯಿಂದ ಒಂದು ದನಿ.

ಚಪ್ಪಲಿ ಬಿಡುವುದಕ್ಕೂ ಮುಂಚೆ ನಾನು ಗಾಡಿಯ ಹಿಂಬದಿ ಹತ್ತಿ ಕೂರಬೇಕು. ಕಾಫಿ ಅಲ್ಲಿಗೇ ಬರುತ್ತದೆ. ಭಾವನ ದೃಷ್ಟಿಯಲ್ಲಿ ನಾನು ಹೆಂಡತಿಯ ತಮ್ಮನಲ್ಲ, ಎಪ್ಪತ್ತೆಂಟು ಕೆಜಿ. ತಾನಾಗಿ ಹತ್ತಿ ತಾನಾಗಿ ಇಳಿಯುವ ಇಂಥ ಮೂಟೆ ಯಾವ ಮಂಡಿಯಲ್ಲಿ ಸಿಕ್ಕೀತು ಹೇಳಿ!

ನಾನಾದರೋ ಹಾಸನದ ಒಂದು ವಿಮಾ ಕಚೇರಿಯ ಗುಮಾಸ್ತ. ಇಪ್ಪತ್ತಾರು ವರ್ಷ ಅಪಘಾತದ ಅರ್ಜಿಗಳನ್ನು ಓದಿ ಓದಿ, ಸ್ಟ್ಯಾಂಡ್ ಹಾಕಿದ ಸೈಕಲ್ ಕಂಡರೂ ಅದು ಯಾರ ಮೇಲೆ ಬೀಳಬಹುದು ಎಂದು ಯೋಚಿಸುವ ಆಸಾಮಿ. ಅಂಥವನನ್ನು ಒಂದು ಮಗ್ಗುಲಿಗೆ ವಾಲಿ ನಿಂತ ಗಾಡಿಯಲ್ಲಿ ಕೂರಿಸಿ "ಒಸಿ ಕುಣಿ, ನೋಡವಾ" ಎಂದರೆ ಹೇಗಾಗಬೇಡ?

ಇಷ್ಟಕ್ಕೆಲ್ಲ ಕಾರಣ ಒಂದು ಕೊರಕಲು. ಅರಕಲಗೂಡು ಕಡೆ ಅಕ್ಕನದೊಂದು ತೆಂಗಿನ ತೋಟವಿದೆ. ಅಕ್ಕನದು ಎಂದೇ ಹೇಳಬೇಕು. ಮದುವೆಯಾದ ವರ್ಷ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳನ್ನು ಬದುಕಿಸಿದವಳು ಅವಳು. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಬಂಡಿದಾರಿ. ಅದರ ನಡುವೆ ಮಳೆನೀರು ಓರೆಯಾಗಿ ಕೊರೆದ ಈ ಕೊರಕಲು. ಕಾರು ಇಳಿಸಿದರೆ ಹೊಟ್ಟೆ ಕೆರೆದುಕೊಳ್ಳುತ್ತದೆ. ಹಾಗಾಗಿ ಭಾವ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಪಿಕಪ್ಪೊಂದನ್ನು ತಂದು, ಒಂದು ಗ್ಯಾರೇಜಿನಲ್ಲಿ ಅರ್ಧ ಅಡಿ ಮೇಲೆತ್ತಿಸಿದರು. ಹೇಗೆ ಎತ್ತಿಸಿದರು ಅಂತೀರಿ? ಹಿಂದಿನ ಕಮಾನಿಗೆ ಲಾರಿಯ ದಪ್ಪ ಪಟ್ಟಿಗಳನ್ನು ತುರುಕಿಸಿ! ಕಮಾನು ನೀವು ನೋಡಿರುತ್ತೀರಿ. ಲಾರಿಯ ಹಿಂಚಕ್ರದ ಪಕ್ಕ ಒಂದರ ಕೆಳಗೊಂದು ಪೇರಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಬಾಗುವುದೇ ಅವುಗಳ ಕಸುಬು. ನಮ್ಮ ಗಾಡಿಯಲ್ಲಿ ಮಾತ್ರ ಅವು ಬಾಗುವುದನ್ನು ಬಿಟ್ಟು ಎದೆ ಸೆಟೆಸಿ ನಿಂತವು.

ಮೊದಲ ಸವಾರಿಯಲ್ಲೇ ಕೊರಕಲಿನ ಮೇಲೆ ಒಂದು ಹಿಂಚಕ್ರ ಗಾಳಿಯಲ್ಲಿ ತೇಲಿತು. ಮರುಕ್ಷಣ ಧೊಪ್ಪನೆ ಬಿತ್ತು. ಮುಂದೆ ಕೂತಿದ್ದ ಅಕ್ಕನ ಬೆನ್ನಿನ ಡಿಸ್ಕು ಜಾರಿತು.

ಆಪರೇಷನ್ ಆಯಿತು. ಮನೆಯೊಳಗೆ ನಿಧಾನವಾಗಿ ಓಡಾಡಬಹುದು, ಒಂದು ವರ್ಷ ಕುಲುಕಾಟ ಕೂಡದು ಎಂದರು ಡಾಕ್ಟರು. ಅಕ್ಕನಿಗೆ ತೋಟ ತಪ್ಪಿಹೋಯಿತು. ಭಾವ ಯಾರ ಎದುರಿಗೂ 'ತಪ್ಪಾಯಿತು' ಎನ್ನಲಿಲ್ಲ. ಎನ್ನುವ ಪೈಕಿಯೂ ಅಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ಇಷ್ಟೇ ಹೇಳಿದರು: "ಯಾವ್ ಗಾಡೀಲಿ ಇವಳ ಬೆನ್ನು ಓಯ್ತೋ ಅದೇ ಗಾಡೀಲಿ ತ್ವಾಟಕ್ಕೆ ಕರ್ಕೊಂಡೋಯ್ತೀನಿ ಕಣ್ಲಾ. ಅವತ್ತು ಇವಳು ನೋವು ಅಂತ ಒಂದ್ ಮಾತಂದ್ರೆ, ಗಾಡಿ ಗುಜರಿಗೆ. ನಾನು ಸ್ಟೇರಿಂಗ್ ಮುಟ್ಟಕಿಲ್ಲ."

"ಅದರ ಬದಲು ಕೊರಕಲಿಗೇ ನಾಲ್ಕು ಲೋಡ್ ಮಣ್ಣು ಹೊಡೆಸಬಹುದಲ್ವಾ ಭಾವ?"

"ಆ ದಾರಿಗೆ ಐದು ಜನ ಯಜಮಾನ್ರವ್ರೆ. ಉಕ್ಕನ್ನ ಬಗ್ಗಿಸ್ಬೋದು, ಅವ್ರನ್ನ ಬಗ್ಗಿಸಕ್ಕಾಯ್ತದಾ?"

ಆಗಲಾರದು. ಆ ಐವರಲ್ಲಿ ಇಬ್ಬರು ನಮಗೂ ನೆಂಟರು!

ಅಂದಿನಿಂದ ಶುರುವಾಯಿತು ನೋಡಿ. ಭಾವನದು ಒಂದೇ ಪರೀಕ್ಷೆ. ಒಂದು ಹಿಂಚಕ್ರವನ್ನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸುವುದು. ಕಮಾನು ಸರಿಯಾಗಿ ಬಾಗಿದರೆ ಮಿಕ್ಕ ಮೂರು ಚಕ್ರ ನೆಲದಲ್ಲೇ ಇರಬೇಕು. ಅನುಮಾನ ಬಂದ ಚಕ್ರದ ಕೆಳಗೆ ಒಂದು ಮದುವೆ ಕಾರ್ಡು ತೂರಿಸಿ ನೋಡುವುದು. ಕಾರ್ಡು ಸಲೀಸಾಗಿ ತೂರಿದರೆ ಚಕ್ರ ತೇಲುತ್ತಿದೆ ಎಂದರ್ಥ. ಮದುವೆ ಕಾರ್ಡೇ ಯಾಕೆ? ಅದರಷ್ಟು ಗಟ್ಟಿ ಕಾಗದ ಮನೆಯಲ್ಲಿ ಇನ್ನೊಂದಿಲ್ಲವಂತೆ. ಗ್ರೀಸು ಹತ್ತಿ ಮುಹೂರ್ತವೇ ಅಳಿಸಿಹೋಗಿ ಎರಡು ಮದುವೆ ತಪ್ಪಿದವು. ಮೂರನೆಯದಕ್ಕೆ ಹೋದೆವು, ಒಂದು ದಿನ ತಡವಾಗಿ. ಛತ್ರದಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಮೊದಲ ಮದ್ದು ಎಣ್ಣೆ. ಪಟ್ಟಿಗೆ ಪಟ್ಟಿ ಉಜ್ಜಿ ಹಿಡಿದುಕೊಳ್ಳುವುದರಿಂದ ಕಮಾನು ಬಾಗುತ್ತಿಲ್ಲ, ನಡುವೆ ಜಾರಿಕೆ ಬೇಕು ಎಂದು ಭಾವನಿಗೆ ಹೊಳೆಯಿತು. ಹೊಳೆದದ್ದು ಸರಿಯೇ. ಆದರೆ ಮೂವತ್ತು ವರ್ಷ ತೆಂಗಿನಕಾಯಿ ವ್ಯಾಪಾರ ಮಾಡಿದವರಿಗೆ ಎಣ್ಣೆ ಎಂದರೆ ಜಗತ್ತಿನಲ್ಲಿ ಒಂದೇ! ಗಾಣದಲ್ಲಿ ಆಡಿಸಿದ ಎರಡು ಲೀಟರ್ ಕೊಬ್ಬರಿ ಎಣ್ಣೆಯನ್ನು ಪಟ್ಟಿಗಳ ಸಂದಿಗೆ ಹುಯ್ದರು. ಸಂಜೆ ಗಾಡಿ ತೊಟ್ಟಿಲಿನಂತೆ ತೂಗಿತು. "ನೋಡ್ಲಾ, ನೋಡು!" ಎಂದು ಕುಣಿದರು. ಅದು ಡಿಸೆಂಬರ್ ತಿಂಗಳು. ಹಾಸನ ಸೀಮೆಯ ಬೆಳಗಿನ ಚಳಿಗೆ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ತಲೆಗೆ ಹಚ್ಚಿಕೊಳ್ಳುವ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ನೋಡಿದರೆ ಪಟ್ಟಿಗಳ ನಡುವೆ ಬೆಳ್ಳಗೆ ಹೆಪ್ಪುಗಟ್ಟಿ, ಕಮಾನು ಹಿಂದಿಗಿಂತ ಬಿಗಿ! ಸಾಲದ್ದಕ್ಕೆ ಬೀದಿಯ ಐದು ನಾಯಿಗಳು ಗಾಡಿಯ ಅಡಿಯಲ್ಲಿ ಸೇರಿ, ಆ ಪಟ್ಟಿಗಳನ್ನು ಭಕ್ತಿಯಿಂದ ನೆಕ್ಕುತ್ತಿದ್ದವು.

ಅಕ್ಕ ಕಿಟಕಿಯಿಂದ ಕೂಗಿದಳು: "ರೀ, ನನ್ ತಲೆಗೆ ಮೂರ್ ದಿನದಿಂದ ಎಣ್ಣೆ ಇಲ್ಲ. ಆ ಗಾಡಿಗೆ ಇವತ್ತು ಸೀಗೆಪುಡೀನೂ ಆಕ್ಬುಡಿ!"

ಎರಡನೆಯ ಮದ್ದಿಗೆ ಚನ್ನರಾಯಪಟ್ಟಣಕ್ಕೆ ಹೋದೆವು. ಅಲ್ಲಿ ಕಾಯಿ ತುಂಬುವ ಲಾರಿಗಳಿಗೆ ಕಮಾನು ಬಡಿಯುವ ಮುದುಕರೊಬ್ಬರಿದ್ದಾರೆ. ಅವರು ಬೀಡಿ ಕಚ್ಚಿಕೊಂಡೇ ಬಗ್ಗಿ ನೋಡಿದರು.

"ಸಾ, ಇದು ಗಾಡಿಗೆ ಆಕಿರೋದಾ, ಸೇತುವೆಗಾ?"

ಯಾರ ಮಾತನ್ನೂ ಕೇಳದ ಭಾವ ಕುಲುಮೆಯ ಮುಂದೆ ಕೈಕಟ್ಟಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮುದುಕರು ಮೂರು ದಪ್ಪ ಪಟ್ಟಿಗಳನ್ನು ಕಿತ್ತೆಸೆದು ಐದು ತೆಳು ಪಟ್ಟಿ ಕೂರಿಸಿದರು. ಪಟ್ಟಿಗಳನ್ನೆಲ್ಲ ಒಟ್ಟಿಗೆ ಬಿಗಿದಿದ್ದ ಕ್ಲಿಪ್ಪುಗಳನ್ನು ಸಡಿಲಿಸಿ, "ಎಲ್ರುನೂ ಒಂದೇ ಅಗ್ಗದಲ್ಲಿ ಕಟ್ಟಾಕಿದ್ರೆ ಯಾರ್ ತಾನೆ ಬಗ್ಗಾರು?" ಎಂದರು. ಎಣ್ಣೆಯ ಕತೆ ಕೇಳಿ ಬಿದ್ದು ಬಿದ್ದು ನಕ್ಕು, ಪಟ್ಟಿಗಳ ತುದಿಯಲ್ಲಿ ನುಣುಪಾದ ಪ್ಲಾಸ್ಟಿಕ್ ತುಂಡು ಇಟ್ಟರೆ ಸಾಕು ಎಂದೂ ಹೇಳಿಕೊಟ್ಟರು. ಮಾರನೆಯ ದಿನವೇ ಅಕ್ಕನ ನೀರಿನ ಡ್ರಮ್ಮಿನ ಮುಚ್ಚಳ ಕಾಣೆಯಾಯಿತು. ಎಲ್ಲಿಗೆ ಹೋಯಿತೆಂದು ನಾನು ಬೇರೆ ಹೇಳಬೇಕೆ?

ಅಂಗಳದ ಕಲ್ಲಿನ ಪರೀಕ್ಷೆಯಲ್ಲಿ ಗಾಡಿ ಪಾಸಾಯಿತು. ಭಾವನಿಗೆ ಅದು ಸಾಲದು. ಕೊರಕಲಿನಷ್ಟೇ ಆಳದ ಗುಂಡಿ ಬೇಕೆಂದು ನನ್ನನ್ನೂ ಶೆಟ್ಟಿಹಳ್ಳಿಗೆ ಹೊರಡಿಸಿದರು. ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದು, ಪಾಳುಬಿದ್ದ ಇಗರ್ಜಿಯ ಸುತ್ತ ಒಣನೆಲ ಬಿಟ್ಟಿರುತ್ತದಲ್ಲ, ಅಲ್ಲಿ ಬೇಕಾದಷ್ಟು ಏರುತಗ್ಗು. ಜನ ಇಗರ್ಜಿ ನೋಡಲು ಬಂದಿದ್ದರು, ನೋಡಿದ್ದು ನಮ್ಮನ್ನು. ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಗುಂಡಿಯ ಮೇಲೆ ತೇಲಾಡುತ್ತ, ಹಿಂದೆ ನಾನು ಎರಡು ಮೂಟೆ ಕಾಯಿಯನ್ನು ತಬ್ಬಿಕೊಂಡು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಜೋಡಿಯೊಂದು ವಾಲಿದ ಗಾಡಿಗೆ ಒರಗಿ ನಿಂತೇಬಿಟ್ಟಿತು. "ಅಂಕಲ್, ನೀವ್ ಒಸಿ ತಲೆ ಬಗ್ಸಿ, ಫ್ರೇಮಲ್ಲಿ ಬತ್ತಾ ಇದೀರ" ಎಂದು ಅವರ ಫೋಟೋಗ್ರಾಫರನಿಂದ ನನಗೇ ಅಪ್ಪಣೆ! ಕೋನಕ್ಕಾಗಿ ನೆಲದ ಮೇಲೆ ಉದ್ದಕ್ಕೆ ಮಲಗಿದವನು ಕ್ಯಾಮೆರಾ ಇಳಿಸಿ ಹೇಳಿದ: "ಸಾ, ಅಡೀಲಿ ಒಂದು ಕೊಳವೆ ಪೂರ್ತಿ ಎಳ್ಕೊಂಡ್ಬುಟ್ಟದೆ. ಅದೇ ಚಕ್ರನ ಇಡ್ಕೊಂಡಂಗದೆ."

ಭಾವ ಅವನ ಪಕ್ಕದಲ್ಲೇ ಮಲಗಿದರು. ನಿಜ! ಗಾಡಿ ಎತ್ತರವಾಗಿತ್ತು, ಆ ಕೊಳವೆ, ಅಂದರೆ ಶಾಕ್ ಅಬ್ಸಾರ್ಬರು, ಮಾತ್ರ ಹಳೆಯ ಉದ್ದದ್ದೇ. ಕಮಾನು ಇಳಿಯಲು ಒಪ್ಪಿದರೂ ಅದು ಬಿಡುತ್ತಿರಲಿಲ್ಲ. ಮುಂದಿನ ವಾರ ಉದ್ದನೆಯ ಜೋಡಿ ಬಂತು.

ಅದನ್ನು ಕೂರಿಸುವ ದಿನ ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. "ಭಾವ, ಚಕ್ರ ಅಷ್ಟು ಕೆಳಕ್ಕೆ ಇಳಿದರೆ ಬ್ರೇಕ್ ಪೈಪು ಉದ್ದ ಸಾಲುತ್ತಾ? ಕಿತ್ತುಕೊಂಡು ಹೋದರೆ?"

ಅಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಪಾದಗಳು ಸರಿದವು, ಮಂಡಿ ಬಂತು, ಹೊಟ್ಟೆ ಬಂತು, ಕೊನೆಗೆ ಮುಖವೂ ಬಂತು. ಭಾವ ನನ್ನನ್ನೇ ದಿಟ್ಟಿಸಿ ನೋಡಿದರು. "ಇಷ್ಟ್ ದಿನಕ್ಕೆ ಒಂದ್ ಉಪಯೋಗದ್ ಮಾತಾಡ್ದೆ ಕಣ್ಲಾ" ಎಂದು ಮತ್ತೆ ಒಳಗೆ ಹೋದರು. ಬ್ರೇಕ್ ಪೈಪೂ ಉದ್ದವಾಯಿತು. ಆ ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದೆ ಎಂದುಕೊಂಡಿರಾ? ಮಿಕ್ಕ ಪೈಪುಗಳನ್ನು ನೆನೆಸಿಕೊಂಡು ಎದ್ದು ಕೂತಿದ್ದೆ!

ವರ್ಷ ತುಂಬಿತು. ನಿಧಾನವಾಗಿ ಹೋಗಿಬರಬಹುದು ಎಂದರು ಡಾಕ್ಟರು. ಒಂದು ಭಾನುವಾರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಅಕ್ಕ ಬೆನ್ನಿಗೆ ಬೆಲ್ಟು ಬಿಗಿದುಕೊಂಡು ಮುಂದೆ ಕೂತಳು. ನಾನು ಎಂದಿನಂತೆ ಹಿಂದೆ, ಕ್ಯಾಬಿನ್ನಿನ ಕಿಟಕಿಗೆ ಮುಖವಿಟ್ಟುಕೊಂಡು.

ಬಂಡಿದಾರಿಗೆ ಇಳಿದೆವು. ಕೊರಕಲು ಬಂತು. ಭಾವ ಮೊದಲ ಗೇರಿಗೆ ಹಾಕಿ, ಇರುವೆ ನಡೆದಂತೆ ಬಿಟ್ಟರು. ಮುಂಚಕ್ರಗಳು ದಾಟಿದವು. ಎಡ ಹಿಂಚಕ್ರ ಇಳಿಯಿತು, ಇಳಿಯುತ್ತಲೇ ಹೋಯಿತು, ನೆಲ ಬಿಡಲಿಲ್ಲ. ಗಾಡಿ ಒಂದು ಕಡೆಗೆ ಮೆಲ್ಲಗೆ ವಾಲಿ, ಇನ್ನೊಂದು ಕಡೆಗೆ ಮೆಲ್ಲಗೆ ಎದ್ದು, ಆಚೆ ದಡಕ್ಕೆ ಬಂದು ನಿಂತಿತು.

"ರೀ, ನಿಲ್ಸಿ."

ನಿಂತೇ ಇತ್ತು. ಭಾವ ರಸ್ತೆಯನ್ನೇ ನೋಡುತ್ತ ಕೇಳಿದರು: "ನೋವಾಯ್ತಾ?"

ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡಳು.

"ಇಲ್ಲ. ಇನ್ನೊಂದ್ಸಲ ದಾಟ್ಸಿ."

ಭಾವ ರಿವರ್ಸ್ ಹಾಕಲು ಹೋದರು. ಗೇರು ಬೀಳಲಿಲ್ಲ. ಇನ್ನೊಮ್ಮೆ ಹಾಕಿದರು, ಕರಕರ ಎಂದಿತು. ಹದಿನೆಂಟು ವರ್ಷ ವಯಸ್ಸಿನಿಂದ ತಾನೇ ಕಾಯಿ ಲಾರಿ ಓಡಿಸಿದ ಮನುಷ್ಯನಿಗೆ ರಿವರ್ಸ್ ಎಲ್ಲಿದೆಯೆಂದೇ ಮರೆತುಹೋಗಿತ್ತು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು; ಇಸ್ತ್ರಿ ಹಾಳಾಯಿತು. ಅಕ್ಕ ಗ್ರೀಸು ಹಿಡಿದ ಆ ಕೈಯ ಮೇಲೆ ತನ್ನ ಕೈ ಇಟ್ಟು, ಗೇರನ್ನು ತಳ್ಳಿ ಕೂರಿಸಿದಳು.

ತೋಟ ಇನ್ನೂ ಅರ್ಧ ಕಿಲೋಮೀಟರ್ ಮುಂದಿತ್ತು. ನಾವು ಹಿಂದಕ್ಕೆ ಹೊರಟೆವು.